ಸೇನೆಯ ಹಳೇ ಟ್ರೇಲರ್: ಕೊಳ್ಳುವುದರಿಂದ ಎಳೆಯುವವರೆಗೆ ಸಮಗ್ರ ಮಾರ್ಗದರ್ಶಿ

ಸಿಂಧನೂರಿನ ಭತ್ತ, ರಾಯಚೂರಿನ ಹತ್ತಿ, ಕುಷ್ಟಗಿಯ ದಾಳಿಂಬೆ ತೋಟಕ್ಕೆ ಹೋಗುವ ನೀರು, ಎಲ್ಲವೂ ಎರಡು ಚಕ್ರದ ಟ್ರೇಲರ್ ಮೇಲೆಯೇ ಸಾಗುತ್ತವೆ. ಇಲ್ಲಿ ಊರೂರಿಗೂ ಟ್ರೇಲರ್ ಕಟ್ಟುವ ಶೆಡ್‌ಗಳಿರುವಾಗ ಸೇನೆ ವಿಲೇವಾರಿ ಮಾಡಿದ ಹಳೇ ಟ್ರೇಲರ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕಾರಣ ಅದರ ತಳದಲ್ಲಿದೆ. ಹಳ್ಳಕೊಳ್ಳದ ದಾರಿಗೆಂದೇ ಮಾಡಿದ ಚಾಸಿ, ನೆಲದಿಂದ ಎತ್ತರದ ಆಕ್ಸಲ್, ತನ್ನಷ್ಟಕ್ಕೆ ತಾನು ತಿರುಗುವ ಎಳೆಯುವ ಉಂಗುರ, ಈ ಮೂರೂ ಒಟ್ಟಿಗೆ ಬೇರೆಡೆ ಸಿಗುವುದು ಕಷ್ಟ. ಆದರೆ ಇಂಥ ಟ್ರೇಲರ್ ಓಡಿ ಸವೆದಿರುವುದಕ್ಕಿಂತ ನಿಂತು ಕೆಟ್ಟಿರುವುದೇ ಹೆಚ್ಚು. ಒಂದೇ ಜಾಗದಲ್ಲಿ ಎಷ್ಟೋ ಮಳೆಗಾಲ ನಿಂತ ಬೇರಿಂಗ್, ಸೀಲ್, ಟೈರ್ ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತವೆ. ಹಾಗಾಗಿ ಈ ಕೆಲಸವನ್ನು ಬಣ್ಣದಿಂದ ಶುರು ಮಾಡಬಾರದು. ತಳದಿಂದ, ಮೂಕಿಯಿಂದ (ಟ್ರೇಲರ್ ಎಳೆಯುವ ಮುಂದಿನ ತೋಳು) ಶುರು ಮಾಡಬೇಕು.

ಯಾವುದನ್ನು ಕೊಳ್ಳಬೇಕು

ಹೆಚ್ಚಾಗಿ ಕಾಣುವುದು ಮೂರು ಬಗೆ: ಜೀಪಿನ ಹಿಂದೆ ಓಡುವ ಕಾಲು ಟನ್ನಿನದು, ಲಾರಿಯ ಹಿಂದೆ ಓಡುವ ಒಂದು ಟನ್ನಿನದು, ಅಂಥದ್ದೇ ಚಾಸಿಯ ಮೇಲೆ ಕೂರಿಸಿದ ನೀರಿನ ಟ್ಯಾಂಕು. ಕಾಲು ಟನ್ನಿನದರ ಮೂಲ ಎರಡನೇ ಮಹಾಯುದ್ಧದ ಜೀಪ್ ಟ್ರೇಲರ್. 6.00-16 ಟೈರ್, ತೊಟ್ಟಿಯಂತೆ ಮುಚ್ಚಿದ ಮೈ, ನೀರಿಗಿಳಿದರೆ ತೇಲುವ ಹಾಗೆ ಬೆಸೆದ ತಳ, ಒಳಗೆ ಸೇರಿದ ನೀರು ಬಿಡಲು ತಳದಲ್ಲಿ ಬಿರಡೆ. ಈ ಬಿರಡೆ ಜಾಮ್ ಆಗಿರುವ ಟ್ರೇಲರ್‌ನಲ್ಲಿ ನೀರು ಒಳಗೇ ನಿಂತು ತಳವನ್ನು ತಿಂದಿರುತ್ತದೆ. ಮೊದಲು ಕೈ ಹಾಕಬೇಕಾದ ಜಾಗ ಅದು.

ಕಾಲು ಟನ್ ಎಂದರೆ ಸುಮಾರು 250 ಕೆ.ಜಿ. ಅದರ ಮೇಲೆ 500 ಲೀಟರಿನ ಔಷಧಿ ಟ್ಯಾಂಕ್ ಕೂರಿಸಿ ಹೊಲಕ್ಕೆ ಹೊಡೆಯುವುದನ್ನು ಇಲ್ಲಿ ಕಾಣುತ್ತೇವೆ. ನೀರೇ 500 ಕೆ.ಜಿ. ಆಯಿತು, ಟ್ಯಾಂಕು, ಪಂಪು ಬೇರೆ. ಅಂಥ ಕೆಲಸಕ್ಕೆ ಒಂದು ಟನ್ನಿನದನ್ನೇ ಹುಡುಕಿ.

ಕಾಗದಪತ್ರ

ಸೇನೆಯ ವಾಹನ, ಸಾಮಗ್ರಿಗಳ ಹರಾಜು ಹೆಚ್ಚಾಗಿ ಉಕ್ಕು ಸಚಿವಾಲಯದಡಿಯ ಎಂಎಸ್‌ಟಿಸಿ ಸಂಸ್ಥೆಯ ಆನ್‌ಲೈನ್ ಹರಾಜಿನಲ್ಲಿ ನಡೆಯುತ್ತದೆ. ಮಾಲು ಇದ್ದಲ್ಲಿ, ಇದ್ದಂತೆ. ಕೂಗಿದ ಮೇಲೆ ದೂರುವಂತಿಲ್ಲ. ಹಾಗಾಗಿ ನೋಡಲು ಬಿಡುವ ದಿನಗಳಲ್ಲಿ ಹೋಗಿ ಕಣ್ಣಾರೆ ನೋಡಿಯೇ ಕೂಗಬೇಕು. ತೆರಿಗೆ, ಲಾರಿ ಬಾಡಿಗೆ, ಕ್ರೇನ್ ಖರ್ಚು ಸೇರಿಸಿ ಲೆಕ್ಕ ಹಾಕಿ. ಗಡುವಿನೊಳಗೆ ಎತ್ತದಿದ್ದರೆ ನೆಲಬಾಡಿಗೆಯೂ ಬೀಳುತ್ತದೆ.

ನೋಂದಣಿಗೆ ಫಾರ್ಮ್ 20ರಲ್ಲಿ ಅರ್ಜಿ ಹಾಕಬೇಕು. ಸೇನೆಯಿಂದ ಬಂದ ವಾಹನಕ್ಕೆ ಅಲ್ಲಿನ ಅಧಿಕಾರಿಗಳು ಕೊಟ್ಟ ಮೂಲ ಮಾರಾಟ ಪತ್ರ, ಅಂದರೆ ಫಾರ್ಮ್ 21, ಬೇಕೇ ಬೇಕು. ಟ್ರೇಲರ್ ಆದ್ದರಿಂದ ಅದರ ವಿನ್ಯಾಸಕ್ಕೆ ಸಾರಿಗೆ ಪ್ರಾಧಿಕಾರ ಒಪ್ಪಿಗೆ ಕೊಟ್ಟ ನಡವಳಿಯ ಪ್ರತಿಯನ್ನೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕೇಳುತ್ತವೆ. ಬಳ್ಳಾರಿಯಲ್ಲಿ ಕೆಎ-34, ಹೊಸಪೇಟೆಯಲ್ಲಿ 35, ರಾಯಚೂರಿನಲ್ಲಿ 36, ಕೊಪ್ಪಳದಲ್ಲಿ 37. ನಿಮ್ಮದು ಯಾವ ಕಚೇರಿಯೋ ಅಲ್ಲಿ, ಹಣ ಕಟ್ಟುವ ಮೊದಲೇ, ಯಾವ ವಾಹನದ ಹಿಂದೆ ಯಾವ ಕೆಲಸಕ್ಕೆ ಎಳೆಯುತ್ತೀರಿ ಎಂದು ಹೇಳಿ ವಿಚಾರಿಸಿ. ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಟ್ರೇಲರ್‌ಗೆ ಕೈಬರಹದ ರಸೀದಿ ಮಾತ್ರ ಇದ್ದರೆ ಅದು ರಸ್ತೆಗೆ ಬರುವ ಟ್ರೇಲರ್ ಅಲ್ಲ. ಬಿಡಿಭಾಗಕ್ಕಾಗಿ ಬೇಕಿದ್ದರೆ ಕೊಳ್ಳಿ.

ಚಾಸಿ ನಂಬರ್ ಮತ್ತು ತಯಾರಿಕೆಯ ತಗಡನ್ನು ಗ್ರೈಂಡರ್ ಮುಟ್ಟುವ ಮೊದಲೇ ಫೋಟೋ ತೆಗೆದು, ಮೇಲೆ ಟೇಪ್ ಅಂಟಿಸಿ ಕಾಪಾಡಿ. ತುಕ್ಕು ತೆಗೆಯಲು ಹೊಡೆಸುವ ಮರಳಿನ ಹೊಡೆತಕ್ಕೆ ಆ ನಂಬರ್ ಅಳಿಸಿಹೋದರೆ ಆರ್‌ಟಿಒ ಪರೀಕ್ಷೆಯಲ್ಲಿ ಏನೂ ತೋರಿಸಲಾಗದು.

ನೋಡಲು ಹೋಗುವಾಗ

ಸುತ್ತಿಗೆ, ಹಳೇ ಸ್ಕ್ರೂಡ್ರೈವರ್, ಟೇಪು, ಸೀಮೆಸುಣ್ಣ, ಟಾರ್ಚ್, ಆಯಸ್ಕಾಂತ. ಇಷ್ಟು ಸಾಕು.

ಮೊದಲು ಮೂಕಿ. ಎರಡು ತೋಳು ಸೇರಿ ಉಂಗುರದ ಬಳಿ ಕೂಡುವ ಜಾಗ, ಮತ್ತು ತೋಳುಗಳು ಚಾಸಿಗೆ ಸೇರುವ ಜಾಗ, ಬಿರುಕು ಹುಟ್ಟುವುದು ಇವೆರಡರಲ್ಲೇ. ಬಣ್ಣದ ಮೇಲೆ ಕೂದಲೆಳೆಯಂಥ ಗೆರೆಯಲ್ಲಿ ತುಕ್ಕಿನ ಬಣ್ಣ ಒಸರಿದ್ದರೆ ಅದು ಬಿರುಕು. ಆಮೇಲೆ ಉಂಗುರ. ಸೇನೆಯ ಉಂಗುರದ ಒಳವ್ಯಾಸ ಸಾಮಾನ್ಯವಾಗಿ 76 ಮಿ.ಮೀ. ಕೊಂಡಿಗೆ ಉಜ್ಜುವ ಮುಂಬದಿಯಲ್ಲಿ ಅದು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಕಂಬಿಯ ದಪ್ಪ ಎಲ್ಲ ಕಡೆ ಅಳೆಯಿರಿ. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಸವೆದಿದ್ದರೆ ಹೊಸ ಉಂಗುರ ಹಾಕುವ ಲೆಕ್ಕ ಇಟ್ಟುಕೊಳ್ಳಿ. ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬುವ ಅಭ್ಯಾಸ ಬಿಡಬೇಕು. ಬಿಸಿಗೆ ಅದರ ಹದ ಕೆಟ್ಟು ಒಂದು ದಿನ ತುಂಬಿದ ಟ್ರೇಲರ್ ಸಮೇತ ಮುರಿಯುತ್ತದೆ.

ಚಾಸಿ ಸೊಟ್ಟಗಾಗಿದೆಯೇ ಎಂದು ತಿಳಿಯಲು ಮೂಲೆಯಿಂದ ಮೂಲೆಗೆ ಕರ್ಣ ಅಳೆಯಿರಿ. ಎರಡಕ್ಕೂ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಲ್ಲೋ ಪೆಟ್ಟು ಬಿದ್ದಿದೆ. ಉಂಗುರದ ನಡುವಿನಿಂದ ಆಕ್ಸಲ್‌ನ ಎರಡೂ ತುದಿಗೆ ಇರುವ ದೂರವನ್ನೂ ಅಳೆಯಿರಿ, ಸಮ ಇರಬೇಕು. ಆಮೇಲೆ ಜಾಕ್ ಹಾಕಿ ಚಕ್ರ ತಿರುಗಿಸಿ, ಟೈರಿನ ನಡುಗೆರೆಗೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಎರಡು ಚಕ್ರದ ಗುರುತುಗಳ ನಡುವಿನ ದೂರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಆಕ್ಸಲ್ ಎತ್ತರದಲ್ಲೇ ಅಳೆಯಿರಿ. 3 ಮಿ.ಮೀ. ಒಳಗಿದ್ದರೆ ಆಕ್ಸಲ್ ನೆಟ್ಟಗಿದೆ. ಹೆಚ್ಚಿದ್ದರೆ ಹೊಸ ಟೈರು ಕೆಲವೇ ಸಾವಿರ ಕಿ.ಮೀ.ಗೆ ಒಂದು ಅಂಚಿನಲ್ಲಿ ಸವೆಯುತ್ತದೆ.

ಚಕ್ರ ತಿರುಗಿಸುವಾಗ ಪಾಟಾದ (ಎಲೆಎಲೆಯಾಗಿ ಜೋಡಿಸಿದ ಸ್ಪ್ರಿಂಗ್) ಮೇಲೆ ಕೈಯಿಟ್ಟರೆ ಬೇರಿಂಗ್ ಕರಕರ ಅನ್ನುವುದು ಕಿವಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ಬಿಚ್ಚುವ ಮೊದಲು ರಿಮ್ ನೋಡಿ

ಈ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಇಲ್ಲೇ. ಸೇನೆಯ ಕೆಲವು ಚಕ್ರಗಳು ಎರಡು ಹೋಳಿನ ರಿಮ್‌ಗಳು. ಎರಡು ತಟ್ಟೆಗಳನ್ನು ಸುತ್ತಲೂ ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಹಬ್ಬಿಗೆ, ಅಂದರೆ ಚಕ್ರದ ನಡುವಿನ ಗುಂಬಕ್ಕೆ, ಚಕ್ರ ಹಿಡಿಯುವ ನಟ್‌ಗಳು ಒಳಸುತ್ತಿನಲ್ಲಿ, ರಿಮ್ ಜೋಡಿಸುವ ನಟ್‌ಗಳು ಹೊರಸುತ್ತಿನಲ್ಲಿ. ಗಾಳಿ ತುಂಬಿದ ಟೈರಿನಲ್ಲಿ ಹೊರಸುತ್ತಿನ ನಟ್ ಸಡಿಲಿಸಿದರೆ ರಿಮ್ ಸಿಡಿದು ಎದುರಿಗಿದ್ದವರ ತಲೆಗೇ ಬಡಿಯುತ್ತದೆ. ಕೆಲವು ಕಡೆ ಈ ನಟ್‌ಗಳಿಗೆ ಎಚ್ಚರಿಕೆಗೆಂದು ಕೆಂಪು ಬಳಿದಿರುತ್ತಾರೆ, ಆದರೆ ಮೇಲಿನ ಬಣ್ಣದಡಿ ಅದು ಮುಚ್ಚಿಹೋಗಿರಬಹುದು. ಆದ್ದರಿಂದ ಯಾವ ಚಕ್ರವೇ ಆಗಲಿ, ಮೊದಲು ವಾಲ್ವಿನ ಪಿನ್ ಬಿಚ್ಚಿ, ಗಾಳಿ ಪೂರ್ತಿ ಹೋದ ಮೇಲೆ ವಾಲ್ವಿನೊಳಗೆ ತಂತಿ ತೂರಿಸಿ ಕಸ ಕಟ್ಟಿಕೊಂಡಿಲ್ಲ ಎಂದು ಖಚಿತ ಮಾಡಿಕೊಂಡು, ಆಮೇಲೆ ಸ್ಪ್ಯಾನರ್ ಹಾಕಿ. ಪಂಕ್ಚರ್ ಅಂಗಡಿಯ ಹುಡುಗನಿಗೆ ಕೊಡುವಾಗಲೂ ಇದನ್ನು ಬಾಯಿಬಿಟ್ಟು ಹೇಳಿ, ಪಕ್ಕದಲ್ಲೇ ನಿಂತಿರಿ. ಮತ್ತೆ ಗಾಳಿ ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದಲ್ಲಿ ಇಡಬೇಕು. ಪಂಜರ ಇಲ್ಲದಿದ್ದರೆ ಅದು ಇರುವ ದೊಡ್ಡ ಲಾರಿ ಟೈರ್ ಅಂಗಡಿಗೇ ಒಯ್ಯಿರಿ.

ಜೀಪ್ ವಂಶದ ಹಬ್‌ಗಳಲ್ಲಿ ಎಡಗಡೆಯ ಚಕ್ರದ ನಟ್‌ಗಳು ಉಲ್ಟಾ ಥ್ರೆಡ್ ಇರಬಹುದು. ಸ್ಟಡ್ ತುದಿಯಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರ ಕೆತ್ತಿದೆಯೇ ನೋಡಿ. ಗೊತ್ತಿಲ್ಲದೆ ಪೈಪ್ ಹಾಕಿ ಜಗ್ಗಿದರೆ ಸ್ಟಡ್ ಮುರಿಯುತ್ತದೆ.

ಉಳಿದ ಬೋಲ್ಟ್‌ಗಳಿಗೆ ಎರಡು ದಿನ ಮುಂಚೆಯಿಂದ ಬೆಳಿಗ್ಗೆ ಸಂಜೆ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಬಿಡಿ. ಆಕ್ಸಲನ್ನು ಪಾಟಾಕ್ಕೆ ಬಿಗಿಯುವ ಯು ಬೋಲ್ಟ್‌ಗಳನ್ನು ಉಳಿಸಲು ಹೆಣಗಬೇಡಿ, ಗ್ರೈಂಡರಿನಿಂದ ಕೊಯ್ದು ತೆಗೆಯಿರಿ. ಒಮ್ಮೆ ಬಿಗಿದು ಹಿಗ್ಗಿದ ಯು ಬೋಲ್ಟ್ ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ಅಳತೆಗೆ ತಕ್ಕ ಹೊಸದು ಲಾರಿ ಸ್ಪ್ರಿಂಗ್ ಅಂಗಡಿಯಲ್ಲಿ ಸಿಗುತ್ತದೆ.

ಚಾಸಿ ಮತ್ತು ವೆಲ್ಡಿಂಗ್

ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ್ದನ್ನೇ ಗ್ರೈಂಡರಿನಿಂದ ಉಜ್ಜಿ ಪುಡಿ ಎಬ್ಬಿಸಬೇಡಿ. ಬಣ್ಣ ಕಳಚುವ ಲೇಪ ಹಚ್ಚಿ ಒದ್ದೆಯಿದ್ದಾಗಲೇ ಕೆರೆಯಿರಿ, ಮಾಸ್ಕ್ ಹಾಕಿ, ಕೆರೆದ ಚೂರುಗಳನ್ನು ದನ, ಕೋಳಿ, ಮಕ್ಕಳು ಓಡಾಡುವ ಅಂಗಳದಲ್ಲಿ ಬಿಡದೆ ಚೀಲದಲ್ಲಿ ಕಟ್ಟಿ. ಬಣ್ಣ ಹೋದ ಮೇಲೆ ತುಕ್ಕಿಗೆ ತಂತಿ ಬ್ರಷ್ ಸಾಕು. ಎರಡು ತಗಡು ಒಂದರ ಮೇಲೊಂದು ಕೂತ ಜಾಗದಲ್ಲಿ ತುಕ್ಕು ಉಬ್ಬಿದ್ದರೆ ಮರಳು ಹೊಡೆಸುವುದೇ ಸರಿ.

ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ತೂತಾಗುವ ತಗಡನ್ನು ಕತ್ತರಿಸಿ ತೆಗೆಯಲೇಬೇಕು. ಮೇಲೆ ತೇಪೆ ಹಾಕಿದರೆ ಒಳಗೆ ತುಕ್ಕು ಮುಂದುವರಿಯುತ್ತದೆ. ತಳದ ತಗಡಿಗೆ 3 ಮಿ.ಮೀ. ಸಾಕು. 1.8 ಮೀ. ಉದ್ದ, 1.1 ಮೀ. ಅಗಲದ ತಳಕ್ಕೆ ಅದು ಸುಮಾರು 47 ಕೆ.ಜಿ. ಗಟ್ಟಿಯಾಗಲಿ ಎಂದು 5 ಮಿ.ಮೀ. ಹಾಕಿದರೆ 78 ಕೆ.ಜಿ. ಆ ಹೆಚ್ಚಿನ 31 ಕೆ.ಜಿ. ನೀವು ಹೇರುವ ಮಾಲಿನಿಂದಲೇ ಕಡಿಮೆಯಾಗಬೇಕು.

ಮೈಯ ತಗಡಿಗೆ 6013 ರಾಡ್ ನಡೆಯುತ್ತದೆ. ಮೂಕಿ ಮತ್ತು ಚಾಸಿಯ ಬಿರುಕಿಗೆ 7018 ಬೇಕು. ಅದು ತೇವ ಹೀರಿದ್ದರೆ ಬೆಸುಗೆಯೊಳಗೇ ಬಿರುಕು ಬಿಡುತ್ತದೆ, ಹಾಗಾಗಿ ತೆರೆದಿಟ್ಟ ಪ್ಯಾಕಿನ ರಾಡ್ ಬಳಸುವಂತಿಲ್ಲ. ಬಿರುಕಿನ ಎರಡೂ ಕೊನೆಗೆ 5 ಮಿ.ಮೀ. ತೂತು ಕೊರೆದು ಅದು ಮುಂದೆ ಹರಿಯದಂತೆ ತಡೆಯಿರಿ, ಗ್ರೈಂಡರಿನಲ್ಲಿ ಕಣಿವೆಯಂತೆ ತೆರೆದು, 3.15 ಮಿ.ಮೀ. ರಾಡಿನಿಂದ ತಳಮಟ್ಟ ತುಂಬಿ. ಮೇಲೆ ಬಲಪಟ್ಟಿ ಬೇಕೆನಿಸಿದರೆ ಅದರ ತುದಿಗಳನ್ನು ಶಂಕರಪೋಳಿಯ ಹಾಗೆ ಓರೆಯಾಗಿ ಕತ್ತರಿಸಿ. ಚೌಕ ಪಟ್ಟಿ ಹಾಕಿ ಅಡ್ಡಕ್ಕೆ ಬೆಸೆದರೆ ಆ ಅಡ್ಡ ಬೆಸುಗೆಯ ಅಂಚಿನಲ್ಲೇ ಮುಂದಿನ ಬಿರುಕು ಹುಟ್ಟುತ್ತದೆ. ಪಾಟಾಕ್ಕೆ, ಉಂಗುರಕ್ಕೆ ವೆಲ್ಡಿಂಗ್ ತಾಗಿಸಲೇಬೇಡಿ.

ಅರ್ತ್ ಕ್ಲ್ಯಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಇರಲಿ. ಚಕ್ರಕ್ಕೋ ಹಬ್ಬಿಗೋ ಸಿಕ್ಕಿಸಿ ಚಾಸಿಗೆ ಬೆಸೆದರೆ ಕರೆಂಟು ಬೇರಿಂಗ್ ಮೂಲಕ ಹರಿದು ರೋಲರುಗಳ ಮೇಲೆ ಚುಕ್ಕೆ ಚುಕ್ಕೆ ಸುಟ್ಟುಬಿಡುತ್ತದೆ. ಹೊಸ ಬೇರಿಂಗ್ ಹಾಕಿದ ತಿಂಗಳಿಗೇ ಸದ್ದು ಬಂತು ಎನ್ನುವ ದೂರುಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಹಬ್, ಬೇರಿಂಗ್, ಸೀಲ್

ಎಷ್ಟೇ ಚೆನ್ನಾಗಿ ತಿರುಗಿದರೂ ಹಬ್ ಬಿಚ್ಚಲೇಬೇಕು. ಒಳಗಿನ ಗ್ರೀಸ್ ವರ್ಷಗಳ ಕಾಲ ನಿಂತು ಸೋಪಿನಂತೆ ಗಟ್ಟಿಯಾಗಿರುತ್ತದೆ, ಎಣ್ಣೆ ಬೇರ್ಪಟ್ಟು ಹೋಗಿರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಕಂಪ್ರೆಸರ್ ಗಾಳಿಯಿಂದ ಬೇರಿಂಗನ್ನು ಗಿರಗಿರ ತಿರುಗಿಸುವ ಆಟ ಬೇಡ, ರೋಲರ್ ಸಿಡಿಯಬಹುದು. ಕಪ್ಪಿನ (ಬೇರಿಂಗಿನ ಹೊರಬಳೆ) ಮೇಲೆ, ರೋಲರುಗಳ ಮೇಲೆ ಉಗುರು ಆಡಿಸಿ. ಕುಳಿ, ನೀಲಿಗಟ್ಟಿದ ಬಣ್ಣ, ಅಥವಾ ರೋಲರ್ ಅಂತರಕ್ಕೆ ಸರಿಯಾಗಿ ಬಿದ್ದ ಗೆರೆಗಳು ಕಂಡರೆ ಕಪ್ಪು, ಕೋನು (ರೋಲರುಗಳು ಕೂತ ಒಳಬಳೆ) ಎರಡನ್ನೂ ಸೇರಿಸಿಯೇ ಬದಲಿಸಬೇಕು. ನಿಂತ ಟ್ರೇಲರ್‌ನಲ್ಲಿ ಈ ಗೆರೆಗಳು ಕೆಳಭಾಗದಲ್ಲಿ ಮಾತ್ರ ಇರುತ್ತವೆ. ತೇವ ಒಳಸೇರಿ ರೋಲರ್ ತಾಗಿದ ಕಡೆಯಲ್ಲೇ ತುಕ್ಕು ಕಚ್ಚಿರುತ್ತದೆ. ಅಂಗಡಿಗೆ ಹೋಗುವಾಗ ವಾಹನದ ಹೆಸರು ಹೇಳಬೇಡಿ. ಬೇರಿಂಗಿನ ಮೇಲೆ ಕೊರೆದ ನಂಬರ್ ಬರೆದುಕೊಂಡು ಹೋಗಿ.

ಕ್ರಮ ಹೀಗೆ. ಹೊಸ ಕಪ್ಪನ್ನು ಹಳೇ ಕಪ್ಪಿನ ನೆರವಿನಿಂದ ನೆಟ್ಟಗೆ ಒಳಗೆ ಬಡಿಯಿರಿ, ತಳ ಮುಟ್ಟಿದಾಗ ಸುತ್ತಿಗೆಯ ಸದ್ದೇ ಬದಲಾಗುತ್ತದೆ. ಅಂಗೈಯಲ್ಲಿ ಎಂಪಿ-3 ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲ ಬದಿಯನ್ನು ಅದಕ್ಕೆ ಒತ್ತುತ್ತಾ ಬನ್ನಿ, ಇನ್ನೊಂದು ಬದಿಯಿಂದ ಗ್ರೀಸ್ ಹೊರಬರಬೇಕು. ಹಬ್ಬಿನ ಒಳಗೂಡಿನಲ್ಲಿ ಮೂರನೇ ಒಂದು ಭಾಗ ಮಾತ್ರ ಗ್ರೀಸ್. ಪೂರ್ತಿ ತುಂಬಿದರೆ ಬಿಸಿಗೆ ಹಿಗ್ಗಿ ಸೀಲ್ ಒಡೆದು ಬ್ರೇಕ್ ಶೂ ಮೇಲೆ ಸುರಿಯುತ್ತದೆ. ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ಬಿಸಿಲಿನಲ್ಲಿ, ಗಾಳಿಯೇ 40 ಡಿಗ್ರಿ ದಾಟಿದಾಗ, ಇದು ಇನ್ನೂ ಬೇಗ ಆಗುತ್ತದೆ.

ಸೀಲಿನ ತುಟಿ ಒಳಮುಖವಾಗಿ, ಗ್ರೀಸ್ ಕಡೆಗೆ ಇರಬೇಕು. ಅದಿರಿನ ಧೂಳಿರುವ ಸಂಡೂರು, ತೋರಣಗಲ್ಲು ಕಡೆ ಓಡಿಸುವವರು ಎರಡು ತುಟಿಯ ಸೀಲ್ ಹಾಕಿ. ಅದಿರಿನ ಪುಡಿ ಗ್ರೀಸಿಗೆ ಸೇರಿದರೆ ಅರೆಯುವ ಪೇಸ್ಟೇ ಆಗುತ್ತದೆ. ಸೀಲ್ ಕೂರುವ ಆಕ್ಸಲ್ ಭಾಗದಲ್ಲಿ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು. ಲೇತ್‌ನಲ್ಲಿ ತೆಳು ಬಳೆ (ಸ್ಲೀವ್) ಮಾಡಿಸಿ ಹಾಕಿಸಬೇಕು.

ಬಿಗಿ ಮಾಡುವುದರಲ್ಲೇ ಹೆಚ್ಚು ತಪ್ಪು ನಡೆಯುವುದು. ಹಬ್ಬನ್ನು ಒಂದು ಕೈಯಲ್ಲಿ ತಿರುಗಿಸುತ್ತಲೇ ನಡುನಟ್ಟನ್ನು ಸುಮಾರು 65 ನ್ಯೂಟನ್-ಮೀಟರ್‌ವರೆಗೆ ಬಿಗಿಯಿರಿ. ಟಾರ್ಕ್ ಸ್ಪ್ಯಾನರ್ ಇಲ್ಲದಿದ್ದರೆ, ಹಬ್ ತಿರುಗಲು ಭಾರ ಎನಿಸುವವರೆಗೆ. ಇದರಿಂದ ರೋಲರುಗಳು ಕಪ್ಪಿನಲ್ಲಿ ಕೂರುತ್ತವೆ. ಆಮೇಲೆ ನಟ್ ಪೂರ್ತಿ ಸಡಿಲಿಸಿ, ಬೆರಳಿನಿಂದಲೇ ಮತ್ತೆ ಕೂರಿಸಿ, ಪಿನ್ನಿನ ತೂತು ಸಿಗುವವರೆಗೆ ಮಾತ್ರ ಹಿಂದಕ್ಕೆ ತಿರುಗಿಸಿ. ಮುಂದಕ್ಕೆ ಬಿಗಿದು ತೂತು ಹುಡುಕಬಾರದು. ಚಕ್ರ ಹಿಡಿದು ಅಲ್ಲಾಡಿಸಿದರೆ ಕೈಗೆ ಹೌದೋ ಅಲ್ಲವೋ ಎನ್ನುವಷ್ಟು ಆಟ ಇರಬೇಕು, ಅಂದರೆ 0.03ರಿಂದ 0.13 ಮಿ.ಮೀ. ಬಂಡಿಗೆ ಕಡಾಣಿ ಹೇಗೋ ಇಲ್ಲಿ ಸ್ಪ್ಲಿಟ್ ಪಿನ್ ಹಾಗೆ. ಪ್ರತಿ ಸಲ ಹೊಸದೇ ಹಾಕಿ, ಎರಡೂ ಕಾಲು ಮಡಚಿ.

ಒಂದು ಟನ್ನಿನ ಟ್ರೇಲರ್‌ನಲ್ಲಿ ತಳ್ಳುಬ್ರೇಕ್ ಇರಬಹುದು. ಎಳೆಯುವ ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನುಗ್ಗುತ್ತದೆ, ಉಂಗುರದ ದಂಡ ಹಿಂದೆ ಸರಿದು ಕಂಬಿಯನ್ನು ಎಳೆಯುತ್ತದೆ, ಬ್ರೇಕ್ ಹಿಡಿಯುತ್ತದೆ. ಇದನ್ನು ಸರಿಮಾಡುವಾಗ ಮೊದಲು ಡ್ರಮ್ಮಿನ ಬಳಿ ಶೂ ಹತ್ತಿರ ತನ್ನಿ, ಆಮೇಲೆ ಕಂಬಿಯ ಸಡಿಲ ತೆಗೆಯಿರಿ. ಉಲ್ಟಾ ಮಾಡಿದರೆ ಒಂದು ಚಕ್ರ ಹಿಡಿದು ಇನ್ನೊಂದು ಹಿಡಿಯದೆ ಟ್ರೇಲರ್ ಪಕ್ಕಕ್ಕೆ ಜಗ್ಗುತ್ತದೆ. ಹಳೇ ಮಾದರಿಗಳಲ್ಲಿ ರಿವರ್ಸ್ ತೆಗೆಯಲು ಒಂದು ತಡೆ ಇಳಿಸಬೇಕು. ಮುಂದೆ ಹೊರಡುವಾಗ ಅದನ್ನು ಎತ್ತಲು ಮರೆತರೆ ಬ್ರೇಕೇ ಇಲ್ಲ. ಹಳೇ ಲೈನಿಂಗಿನ ಧೂಳನ್ನು ಊದಬೇಡಿ, ಅದರಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಲೈನಿಂಗ್ ರಿವೆಟ್ ತಲೆಗಿಂತ 1 ಮಿ.ಮೀ. ಮಾತ್ರ ಉಳಿದಿದ್ದರೆ ಹೊಸದು ಕಟ್ಟಿಸಿ.

ಪಾಟಾ ಮತ್ತು ಟೈರ್

ಪಾಟಾ ಬಿಚ್ಚಿ ಪ್ರತಿ ಎಲೆಯನ್ನೂ ಉಜ್ಜಿ, ನಡುವಿನ ಬೋಲ್ಟಿನ ತೂತಿನ ಸುತ್ತ ಬಿರುಕು ಹುಡುಕಿ, ಗ್ರಾಫೈಟ್ ಗ್ರೀಸ್ ಹಚ್ಚಿ ಮತ್ತೆ ಕಟ್ಟಿ. ಬುಷ್, ಪಿನ್ ಎರಡೂ ಹೊಸವು. ಹೆಚ್ಚು ಭಾರ ಹೇರಲೆಂದು ಎಲೆ ಸೇರಿಸುವುದು ಇಲ್ಲಿನ ರೂಢಿ. ಪಾಟಾ ಗಟ್ಟಿಯಾದರೆ ಆಕ್ಸಲ್, ಹಬ್, ಮೂಕಿ ಗಟ್ಟಿಯಾಗುವುದಿಲ್ಲ, ಖಾಲಿ ಟ್ರೇಲರ್ ಗುಂಡಿಯಲ್ಲಿ ಹಾರಿ ಹಾರಿ ಬೀಳುತ್ತದೆ. ಬೇಡ.

ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ತಾರೀಕು ನೋಡಿ. 2319 ಎಂದರೆ 2019ರ 23ನೇ ವಾರ. ಗುಬ್ಬಿ (ಟೈರಿನ ಮೇಲ್ಮೈಯ ಉಬ್ಬು ಅಚ್ಚು) ಎಷ್ಟೇ ಉಳಿದಿರಲಿ, ಪಕ್ಕದಲ್ಲಿ ಸೀಳು ಬಿಟ್ಟ ಹಳೇ ಟೈರು ಬಿಸಿ ರಸ್ತೆಯಲ್ಲಿ ಒಡೆಯುತ್ತದೆ. 6.00-16 ಮತ್ತು 7.50-16 ಅಳತೆಯಲ್ಲಿ ಟ್ರ್ಯಾಕ್ಟರಿನ ಮುಂದಿನ ಚಕ್ರದ ಟೈರೂ ಸಿಗುತ್ತದೆ, ರಿಮ್ಮಿಗೂ ಕೂರುತ್ತದೆ. ಆದರೆ ಅದು ಹೊಲದ ನಿಧಾನ ವೇಗಕ್ಕೆ ಮಾಡಿದ ಟೈರು. ಬೊಲೆರೋ ಹಿಂದೆ ಹೆದ್ದಾರಿಯಲ್ಲಿ ಓಡುವ ಟ್ರೇಲರ್‌ಗೆ ಹಾಕಬಾರದು. ಜೀಪ್ ಟ್ರೇಲರ್‌ನ ಐದು ಬೋಲ್ಟುಗಳ ಸುತ್ತಿನ ವ್ಯಾಸ 139.7 ಮಿ.ಮೀ. ಇದ್ದರೆ ಮಹೀಂದ್ರ ಜೀಪ್, ಬೊಲೆರೋ ರಿಮ್‌ನ ಬೋಲ್ಟ್ ಸುತ್ತೂ ಅದೇ. ನಡುವಿನ ತೂತು ಹಬ್ಬಿಗೆ ಹೊಂದುತ್ತದೆಯೇ ನೋಡಿಕೊಂಡು ಹಾಕಿದರೆ ಸ್ಟೆಪ್ನಿ ಒಂದೇ ಸಾಕಾಗುತ್ತದೆ.

ಮಡ್‌ಗಾರ್ಡಿಗೂ ಟೈರಿಗೂ ನಡುವೆ ಕನಿಷ್ಠ 100 ಮಿ.ಮೀ. ಸಂದು ಬಿಡಿ. ಮಳೆ ಬಿದ್ದ ಎರೆ ಹೊಲದಲ್ಲಿ ಮಣ್ಣು ಚಕ್ರಕ್ಕೆ ಮೆತ್ತಿ ಮೆತ್ತಿ ಕೊನೆಗೆ ಚಕ್ರವೇ ತಿರುಗದೆ ಜಾರುಬಂಡಿಯಾಗುತ್ತದೆ.

ಬಣ್ಣ

ಮೊದಲು ಕಾನೂನು: ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಕೇಂದ್ರ ಮೋಟಾರು ವಾಹನ ನಿಯಮ 121 ಅದನ್ನು ಬೇರೆಯವರು ಬಳಿಯುವಂತಿಲ್ಲ ಎನ್ನುತ್ತದೆ. ಮೂಲ ರೂಪಕ್ಕೆ ತರಬೇಕೆಂಬ ಆಸೆ ಎಷ್ಟಿದ್ದರೂ ಈ ಬಣ್ಣ ಬಿಡಬೇಕು. ಬಾಣದ ಗುರುತಿನ ಸೇನಾ ನಂಬರನ್ನೂ ಅಳಿಸಬೇಕು. ಬೂದು, ನೀಲಿ, ಮಣ್ಣಿನ ಬಣ್ಣ ಇವೆ.

ರೆಡ್ ಆಕ್ಸೈಡ್ ಎರಡು ಕೋಟು, ಎನಾಮಲ್ ಎರಡು ಕೋಟು. ಒಂದು ಲೀಟರ್ ಎನಾಮಲ್ ಒಂದು ಕೋಟಿಗೆ ಸುಮಾರು 10 ಚ.ಮೀ. ಬರುತ್ತದೆ. ಚಾಸಿಯ ಒಳಬದಿಗಳನ್ನೂ ಸೇರಿಸಿ ಸಣ್ಣ ಟ್ರೇಲರ್‌ಗೆ 3 ಲೀಟರ್ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಬೆಳಿಗ್ಗೆ 6ರಿಂದ 9ರೊಳಗೆ, ನೆರಳಿನಲ್ಲಿ ಹೊಡೆಯಿರಿ. ಕಾದ ತಗಡಿನ ಮೇಲೆ ಥಿನ್ನರ್ ತಟ್ಟನೆ ಹಾರಿ ಬಣ್ಣ ಹಿಡಿಯದೆ ಪುಡಿಯಾಗುತ್ತದೆ.

ಕೊಂಡಿ

ಸೇನೆಯ ಉಂಗುರಕ್ಕೆ ಸರಿಯಾದ ಜೊತೆ ಬಾಯಿ ಮುಚ್ಚುವ ಕೊಕ್ಕೆ. ಉಂಗುರ ತನ್ನ ದಂಡದ ಮೇಲೆ ಸುತ್ತಲೂ ತಿರುಗುತ್ತದೆ, ಆದ್ದರಿಂದ ಟ್ರೇಲರ್ ಕಾಲುವೆ ಏರಿಯಿಂದ ಉರುಳಿದರೂ ಎಳೆಯುವ ಗಾಡಿಯನ್ನು ತಿರುಚಿ ಕೆಡವುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿದಾರಿಗಳಲ್ಲಿ ಓಡಾಡುವವರು ಈ ಗುಣ ಕಳೆದುಕೊಳ್ಳಬಾರದು. ಆ ತಿರುಗುವ ಕೀಲನ್ನು ಸದ್ದು ಮಾಡುತ್ತದೆಂದು ಬೆಸೆದುಬಿಟ್ಟವರಿದ್ದಾರೆ. ಬಿಚ್ಚಿ, ತೊಳೆದು, ಗ್ರೀಸ್ ಕೊಟ್ಟರೆ ಸದ್ದು ಹೋಗುತ್ತದೆ.

ಟ್ರ್ಯಾಕ್ಟರಿಗೆ ಕಟ್ಟುವಾಗ 76 ಮಿ.ಮೀ. ಉಂಗುರದೊಳಗೆ ತೆಳ್ಳನೆ ಪಿನ್ ಹಾಕಿದರೆ ಪ್ರತಿ ಬ್ರೇಕಿಗೂ ಧಡಾರೆಂದು ಬಡಿದು ಪಿನ್ ಬಾಗುತ್ತದೆ. ಉಂಗುರವನ್ನು ಬೋಲ್ಟ್ ಮೇಲೆ ಬದಲಿಸಿ ಟ್ರ್ಯಾಕ್ಟರ್ ಕೊಂಡಿಗೆ ಹೊಂದುವ ಕಣ್ಣು ಹಾಕುವುದು ಮೇಲು. ಜೀಪಿಗೆ ಬಾಲ್ ಕೊಂಡಿ ಬೇಕೆಂದರೆ ಬಾಲ್ ಮತ್ತು ಅದರ ಮೇಲೆ ಕೂರುವ ಟೋಪಿ ಎರಡರ ಅಳತೆಯೂ ಒಂದೇ ಇರಲಿ. 50 ಮಿ.ಮೀ. ಬಾಲ್ ಬೇರೆ, 2 ಇಂಚು ಅಂದರೆ 50.8 ಮಿ.ಮೀ. ಬಾಲ್ ಬೇರೆ. ದೊಡ್ಡ ಟೋಪಿ ಸಣ್ಣ ಬಾಲಿನ ಮೇಲಿಂದ ಗುಂಡಿಯಲ್ಲಿ ಎಗರಿ ಬಿಡುತ್ತದೆ. ಬೋಲ್ಟ್‌ಗಳು 8.8 ಗ್ರೇಡಿನವು, 12 ಮಿ.ಮೀ.ಗೆ ಸುಮಾರು 80 ನ್ಯೂಟನ್-ಮೀಟರ್, 16 ಮಿ.ಮೀ.ಗೆ 200, ಲಾಕ್ ನಟ್ ಸಮೇತ.

ಸುರಕ್ಷತೆಯ ಸರಪಳಿ ಎರಡು, ಕೊಂಡಿಯ ಕೆಳಗೆ ಕತ್ತರಿಯಂತೆ ಅಡ್ಡಡ್ಡ. ಕೊಂಡಿ ಕಳಚಿದರೆ ಮೂಕಿ ನೆಲಕ್ಕೆ ಚುಚ್ಚದೆ ಸರಪಳಿಯ ತೊಟ್ಟಿಲಲ್ಲಿ ಕೂರಬೇಕು. ಒಂದೊಂದು ಸರಪಳಿಯೂ ಟ್ರೇಲರ್‌ನ ಪೂರ್ತಿ ತೂಕ ತಡೆಯುವಂತಿರಲಿ.

ದೀಪ

ಸೇನೆಯ ವೈರಿಂಗ್ ಹೆಚ್ಚಾಗಿ 24 ವೋಲ್ಟಿನದು. ಹಳೇ ವೈರನ್ನು ಉಳಿಸುವುದು ಬೇಡ, ಪೂರ್ತಿ ಕಿತ್ತುಹಾಕಿ. 10ರಿಂದ 30 ವೋಲ್ಟ್ ತಡೆಯುವ ಎಲ್‌ಇಡಿ ದೀಪ ಹಾಕಿದರೆ ಜೀಪು, ಟ್ರ್ಯಾಕ್ಟರ್, ಲಾರಿ ಎಲ್ಲಕ್ಕೂ ಆಗುತ್ತದೆ. ಏಳು ಪಿನ್ನಿನ ಸಾಕೆಟ್ಟಿಗೆ ರೂಢಿಯ ಕ್ರಮ: 1 ಎಡ ಇಂಡಿಕೇಟರ್ ಹಳದಿ, 2 ಫಾಗ್ ನೀಲಿ, 3 ಅರ್ತ್ ಬಿಳಿ, 4 ಬಲ ಇಂಡಿಕೇಟರ್ ಹಸಿರು, 5 ಬಲ ಹಿಂದೀಪ ಕಂದು, 6 ಬ್ರೇಕ್ ಕೆಂಪು, 7 ಎಡ ಹಿಂದೀಪ ಕಪ್ಪು. ದೀಪಕ್ಕೆ 1.5 ಚದರ ಮಿ.ಮೀ. ವೈರ್, ಅರ್ತಿಗೆ 2.5. ಚಾಸಿಯನ್ನೇ ಅರ್ತ್ ಎಂದು ನಂಬಬೇಡಿ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುವ ರೋಗ ಬರುವುದು ಕೆಟ್ಟ ಅರ್ತಿನಿಂದ. ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಪಟಪಟ ಬಡಿದುಕೊಂಡರೆ ಫ್ಲ್ಯಾಷರ್ ರಿಲೇಯನ್ನು ಎಲೆಕ್ಟ್ರಾನಿಕ್ ಮಾದರಿಗೆ ಬದಲಿಸಿ.

ಹೊಳೆಯುವ ಟೇಪು ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಸುಗ್ಗಿಯ ರಾತ್ರಿಗಳಲ್ಲಿ ದೀಪವಿಲ್ಲದೆ ನಿಂತ ಟ್ರೇಲರ್‌ಗೆ ಬೈಕ್ ಗುದ್ದಿ ಹೋದ ಜೀವಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಟ್ರೇಲರ್‌ನ ಸ್ವಂತ ನಂಬರ್ ಪಕ್ಕದಲ್ಲಿ, ಎಳೆಯುವ ವಾಹನದ ನಂಬರ್ ಹಿಂದೆ ಇರಬೇಕು. ವಿಮೆಯಲ್ಲೂ ಟ್ರೇಲರ್ ಸೇರಿಸಿಕೊಳ್ಳಿ.

ನೀರಿನ ಟ್ಯಾಂಕ್ ಕೂರಿಸುವುದಾದರೆ

ಆರ್‌ಸಿಯಲ್ಲಿ ಬರೆದದ್ದಕ್ಕೆ ವಿರುದ್ಧವಾಗುವ ಮಾರ್ಪಾಡಿಗೆ ಮೊದಲೇ ಒಪ್ಪಿಗೆ ಬೇಕು. ಲೆಕ್ಕ ಹೀಗೆ: ಒಂದು ಟನ್ನಿನ ಟ್ರೇಲರ್, ಕಬ್ಬಿಣದ ಟ್ಯಾಂಕು 150 ಕೆ.ಜಿ., ಕೂರಿಸುವ ಚೌಕಟ್ಟು 50 ಕೆ.ಜಿ. ಎಂದರೆ ಉಳಿದದ್ದು 800 ಲೀಟರ್ ನೀರು. ಒಳಗೆ ಪ್ರತಿ 40-50 ಸೆಂ.ಮೀ.ಗೆ ತೂತುಗಳಿರುವ ಅಡ್ಡತಗಡು ಬೇಕು. ಅರ್ಧ ತುಂಬಿದ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ: ಬ್ರೇಕ್ ಹಿಡಿದಾಗ ನೀರು ಮುಂದೆ ನುಗ್ಗಿ ಮೂಕಿ ಒತ್ತುತ್ತದೆ, ಮರುಕ್ಷಣ ಹಿಂದೆ ಹೋಗಿ ಎತ್ತುತ್ತದೆ. ಹತ್ತಿಗೆಂದು ಪಕ್ಕದ ತಡಿಕೆ ಎತ್ತರಿಸುವವರು 40×40×5 ಆ್ಯಂಗಲ್ ಬಳಸಿ, ಬೋಲ್ಟ್ ಮೇಲೆ ಬಿಚ್ಚುವಂತೆ ಮಾಡಿ. ಹತ್ತಿ ಹಗುರ, ಆದರೆ ಅಡ್ಡಗಾಳಿಗೆ ಹಾಯಿಯಂತೆ ನಿಲ್ಲುತ್ತದೆ.

ಮೂಕಿ ಭಾರ

ಬಂಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಟ್ರೇಲರ್‌ನಲ್ಲಿ ಹಿಂಭಾರವಾದರೆ ಎಳೆಯುವ ಗಾಡಿಯ ಹಿಂಚಕ್ರ ಹಗುರಾಗಿ, ವೇಗ ಏರಿದಂತೆ ಟ್ರೇಲರ್ ಹಾವಿನಂತೆ ಆಡತೊಡಗುತ್ತದೆ. ಉಂಗುರದ ಮೇಲೆ ಒಟ್ಟು ತೂಕದ ನೂರಕ್ಕೆ 7ರಿಂದ 10 ಪಾಲು ಭಾರ ಬರಬೇಕು, ಎಳೆಯುವ ವಾಹನದ ಕೊಂಡಿ ತಡೆಯುವಷ್ಟರ ಒಳಗೆ.

ಒಟ್ಟು ತೂಕ ಅಳೆಯಲು ವೇಬ್ರಿಜ್ ಸಾಕು. ಮೂಕಿ ಭಾರಕ್ಕೆ ಅದು ಬೇಡ, ಲಾರಿ ಕಾಟಾದಲ್ಲಿ ಹತ್ತಿಪ್ಪತ್ತು ಕೆ.ಜಿ. ಅತ್ತಿತ್ತ ಗೊತ್ತಾಗುವುದಿಲ್ಲ. ದಲಾಲಿ ಅಂಗಡಿಯ ಚೀಲ ತೂಗುವ ಕಾಟಾ ತನ್ನಿ. ಸಮನೆಲದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಉಂಗುರದ ಕೆಳಗೆ ಮರದ ತುಂಡು ನಿಲ್ಲಿಸಿ, ಉಂಗುರ ಸರಿಯಾಗಿ ಕೊಂಡಿಯ ಎತ್ತರಕ್ಕೆ ಬರುವಂತೆ ಕಾಟಾದ ಮೇಲೆ ಇಳಿಸಿ.

ಒಂದು ಲೆಕ್ಕ. ಒಟ್ಟು ತೂಕ 1,000 ಕೆ.ಜಿ., ಉಂಗುರದಿಂದ ಆಕ್ಸಲ್‌ಗೆ 2.4 ಮೀ., ಕಾಟಾ ತೋರಿಸಿದ್ದು 40 ಕೆ.ಜಿ. ಬೇಕಾದ್ದು 80. ತಲಾ 75 ಕೆ.ಜಿ.ಯ ಮೂರು ಭತ್ತದ ಚೀಲವನ್ನು 45 ಸೆಂ.ಮೀ., ಅಂದರೆ ಸುಮಾರು ಒಂದೂವರೆ ಅಡಿ, ಮುಂದೆ ಸರಿಸಿ. 225 ಅನ್ನು 0.45ರಿಂದ ಗುಣಿಸಿ 2.4ರಿಂದ ಭಾಗಿಸಿದರೆ 42. ಮೂಕಿಗೆ 82 ಕೆ.ಜಿ. ಬಂತು.

ಎಳೆಯುವಾಗ

ಟ್ರೇಲರ್ ನೆಲಕ್ಕೆ ಸಮಾಂತರವಾಗಿ ನಿಲ್ಲಬೇಕು. ಮೂಕಿ ಮೇಲಕ್ಕೆತ್ತಿದ್ದರೆ ಮಾಲು ಹಿಂದೆ ಜಾರಿ ಮತ್ತೆ ಹಿಂಭಾರ. ಹೊರಡುವ ಮುನ್ನ ಮೂಕಿಯ ಕೆಳಗಿನ ಮುಂಗಾಲು ಎತ್ತಿ ಲಾಕ್ ಆಗಿದೆಯೇ, ಕೈಬ್ರೇಕ್ ಬಿಟ್ಟಿದೆಯೇ, ಸರಪಳಿ ನೆಲಕ್ಕೆ ಉಜ್ಜುವುದಿಲ್ಲವೇ ನೋಡಿ. ಟ್ರ್ಯಾಕ್ಟರಿನಲ್ಲಾದರೆ ಎರಡು ಬ್ರೇಕ್ ಪೆಡಲ್‌ಗಳನ್ನು ಸೇರಿಸಿ ಕೊಂಡಿ ಹಾಕಲೇಬೇಕು. ಒಂದೇ ಪೆಡಲ್ ಒತ್ತಿದರೆ ತುಂಬಿದ ಟ್ರೇಲರ್ ತಳ್ಳಿ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ.

ಹೊಸಪೇಟೆಯಿಂದ ಸಂಡೂರಿನ ಕಡೆಯ ಘಟ್ಟದ ಇಳಿಜಾರಿನಲ್ಲಿ, ಇಳಿಯಲು ಶುರು ಮಾಡುವ ಮೊದಲೇ ಕೆಳ ಗೇರಿಗೆ ಬನ್ನಿ. ನ್ಯೂಟ್ರಲ್‌ನಲ್ಲಿ ಬಿಡಲೇಬೇಡಿ. ಟ್ರೇಲರ್ ಆಡತೊಡಗಿದರೆ ಸ್ಟೇರಿಂಗ್ ತಿದ್ದಲು ಹೋಗದೆ, ಬ್ರೇಕನ್ನೂ ಜೋರಾಗಿ ಒತ್ತದೆ, ಸ್ಟೇರಿಂಗ್ ನೆಟ್ಟಗೆ ಹಿಡಿದು ಆ್ಯಕ್ಸಿಲರೇಟರ್ ಮಾತ್ರ ಬಿಡಿ. ನಿಂತ ಮೇಲೆ ಮಾಲನ್ನು ಮುಂದಕ್ಕೆ ಸರಿಸಿ. ರಿವರ್ಸ್ ತೆಗೆಯಲು ಸ್ಟೇರಿಂಗಿನ ಕೆಳಭಾಗ ಹಿಡಿಯಿರಿ, ಕೈ ಹೋದ ಕಡೆಗೆ ಟ್ರೇಲರ್ ಹೋಗುತ್ತದೆ. ಚಿಕ್ಕ ಮೂಕಿಯ ಟ್ರೇಲರ್ ಬೇಗ ಮಡಚಿಕೊಳ್ಳುತ್ತದೆ, ಆದ್ದರಿಂದ ಒಂದು ಮೊಳದಷ್ಟೇ ದೂರ ಹೋಗಿ ಮತ್ತೆ ನೆಟ್ಟಗೆ ಮಾಡುತ್ತಾ ಬನ್ನಿ.

ಮೊದಲ ಓಟ ಖಾಲಿ, 10 ಕಿ.ಮೀ. ನಿಲ್ಲಿಸಿ ಎರಡೂ ಹಬ್ ಮುಟ್ಟಿ ನೋಡಿ. ಐದು ಸೆಕೆಂಡ್ ಕೈಯಿಡಲು ಆಗದಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಶೂ ಉಜ್ಜುತ್ತಿದೆ. ಒಂದು ಹಬ್ ಮಾತ್ರ ಬಿಸಿಯಿದ್ದರೆ ದೋಷ ಅಲ್ಲೇ. 50 ಕಿ.ಮೀ. ಆದ ಮೇಲೆ ಚಕ್ರದ ನಟ್‌ಗಳನ್ನು ಮತ್ತೆ ಬಿಗಿಯಿರಿ, ಅರ್ಧ ಇಂಚಿನ ಸ್ಟಡ್ಡಿಗೆ ಸುಮಾರು 95 ನ್ಯೂಟನ್-ಮೀಟರ್. ಮೊದಲ ಸಲ ಭಾರ ಹೇರಿ ಬಂದ ಮೇಲೆ ಯು ಬೋಲ್ಟ್‌ಗಳು ಸಾಮಾನ್ಯವಾಗಿ ಸ್ವಲ್ಪ ಸಡಿಲಾಗಿರುತ್ತವೆ. ಅವನ್ನೂ ಬಿಗಿದು, ನಟ್ ಮತ್ತು ತಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಗೆರೆ ತಪ್ಪಿದ್ದರೆ ಸ್ಪ್ಯಾನರ್ ಹಾಕದೆಯೇ ಕಣ್ಣಿಗೆ ಬೀಳುತ್ತದೆ.